ಕಾಗೆ ಮುಟ್ಟದ ಹಾಪೂಸ್

ಬೆಳಗ್ಗೆ ಏಳಕ್ಕೆ ಮಂಚದ ಕೆಳಗಿನ ಭತ್ತದ ಹುಲ್ಲಿನಲ್ಲಿ ಮೂರು ಹಾಪೂಸ್ ಮಾವಿನ ಹಣ್ಣುಗಳಿದ್ದವು. ಒಂಬತ್ತೂವರೆಗೆ ಹುಲ್ಲು ಮಾತ್ರ ಉಳಿದಿತ್ತು.

ಡಾಕ್ಟರ್ ಬಸವಲಿಂಗ ಮಂಡಿಯೂರಿ ಕುಳಿತು ಆ ಹುಲ್ಲನ್ನು ಕೋಳಿಯ ಹಾಗೆ ಕೆದರಿದ. ಅವನು ರೋಗಿಗಳ ಡಾಕ್ಟರಲ್ಲ, ಹಣ್ಣಿನ ಡಾಕ್ಟರು. ಮಾವು ಮಾಗುವಾಗ ಪರಿಮಳ ಎಲ್ಲಿಂದ ಹುಟ್ಟುತ್ತದೆ, ಯಾವ ಜೀನ್ ಅದಕ್ಕೆ ಅಪ್ಪಣೆ ಕೊಡುತ್ತದೆ ಎಂದು ಪುಣೆಯ ಒಂದು ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ಹುಡುಕುತ್ತಿದ್ದ. ಕೊಂಕಣದ ಒಂದೇ ಮರದ ಕಾಯಿಗಳನ್ನು ಹುಲ್ಲಿನಲ್ಲಿ ಮಾಗಲು ಇಟ್ಟು, ಐದು ದಿನಕ್ಕೊಮ್ಮೆ ಮೂರು ಹಣ್ಣು ಕೊಯ್ದು ಪರೀಕ್ಷಿಸುವ ಕೆಲಸ. ಐದು, ಹತ್ತು, ಹದಿನೈದನೆಯ ದಿನಗಳು ಮುಗಿದಿದ್ದವು. ಇವತ್ತು ಇಪ್ಪತ್ತು. ತೊಟ್ಟಿಗೆ ‘೨೦’ ಎಂಬ ಚೀಟಿ ಕಟ್ಟಿದ ಕೊನೆಯ ಮೂರು ಹಣ್ಣುಗಳ ಸರದಿ. ಪ್ರಯೋಗಾಲಯದಲ್ಲಿ ಇಟ್ಟರೆ ವಿಜ್ಞಾನಕ್ಕಿಂತ ಮೊದಲು ಸಹೋದ್ಯೋಗಿಗಳೇ ಅವನ್ನು ಮುಗಿಸುತ್ತಾರೆಂದು ಮನೆಯಲ್ಲಿಟ್ಟಿದ್ದ.

ವಿಭಾಗದ ಮುಖ್ಯಸ್ಥೆ ಶೈಲಾ ಮೇಡಂ ಸ್ಪಷ್ಟವಾಗಿ ಹೇಳಿದ್ದರು. ಇಪ್ಪತ್ತನೆಯ ದಿನದ ಅಂಕಿ ಬಂದರೆ ನೌಕರಿ ಇನ್ನೂ ಮೂರು ವರ್ಷ. ಬಾರದಿದ್ದರೆ, ೧೯೯೯ರ ಜೂನ್ ಮೂವತ್ತಕ್ಕೆ ಬೀಳ್ಕೊಡುಗೆಯ ಒಂದು ಹೂಗುಚ್ಛ. ಇವತ್ತು ಜೂನ್ ಹನ್ನೆರಡು. ಹಣ್ಣನ್ನು ಕೊಯ್ದ ಕ್ಷಣವೇ ಹೆಪ್ಪುಗಟ್ಟಿಸಬೇಕೆಂದು ಅವನು ದ್ರವ ಸಾರಜನಕದ ಕ್ಯಾನು ತರಲು ಸ್ಕೂಟರಿನಲ್ಲಿ ಹೋಗಿ ಬಂದಿದ್ದ. ಅಷ್ಟರಲ್ಲಿ ಹೀಗಾಗಿತ್ತು.

“ತ್ರಿವೇಣೀ, ಹಣ್ಣೆಲ್ಲಿ?”

ಹೆಂಡತಿ ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. “ಗೋದಾಕಾಕೂ ಒಯ್ದರು.”

“ಒಯ್ದರು ಅಂದ್ರ?”

“ಅಪ್ಪಾಸಾಹೇಬರ ಹತ್ತನೇ ದಿನ ಅಲ್ಲೇನ್ರಿ ಇವತ್ತು. ಕಾಗಿ ಪಿಂಡ ಮುಟ್ಟವಲ್ಲದಂತ. ಹೊಳಿ ಘಾಟಿನಿಂದ ಓಡಿ ಬಂದ್ರು, ಹುಲ್ಲಿನ್ಯಾಗ ಕೈ ಹಾಕಿದ್ರು, ರಿಕ್ಷಾ ಹತ್ತಿದ್ರು.”

“ನೀ ಬ್ಯಾಡ ಅನ್ನಲಿಲ್ಲ?”

“ಸತ್ತವರ ಹೆಸರ ಹೇಳಿ ಕೇಳಿದ್ರ ಹೆಂಗ ಬ್ಯಾಡ ಅನ್ಲಿ?”

ಗೋದಾ ಸದಾಶಿವ ಪೇಠದ ಆ ವಾಡೆಯ, ಆ ಹಳೆಯ ತೊಟ್ಟಿಮನೆಯ, ಒಡತಿ, ಇವರು ಮಾಳಿಗೆಯ ಬಾಡಿಗೆದಾರರು. ಆಕೆಯ ತವರು ಬೆಳಗಾವಿ, ಹಾಗಾಗಿ ಇವರನ್ನು ಬೈಯುವಾಗಲೂ ಕನ್ನಡದಲ್ಲೇ ಬೈಯುತ್ತಿದ್ದಳು. ತೀರಿಹೋದ ಅಪ್ಪಾಸಾಹೇಬರು ಆಕೆಯ ಮಾವ. ಎಪ್ಪತ್ತೆಂಟು ವಯಸ್ಸು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಹತ್ತನೆಯ ದಿನ ಕಾಗೆ ಪಿಂಡ ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಆಸೆಯೊಂದು ಉಳಿದುಕೊಂಡಿದೆ ಎಂದರ್ಥ. ಅದು ಯಾವುದೆಂದು ಊಹಿಸಿ, ತೀರಿಸುತ್ತೇವೆಂದು ಮಾತು ಕೊಡುತ್ತ ಹೋಗಬೇಕು. ಅದಕ್ಕೆ ಹಾಪೂಸೇ ಬೇಕೆಂದರೆ, ಎರಡು ಮಳೆ ಬಿದ್ದ ಮೇಲೆ ಮಂಡೈ ಮಾರುಕಟ್ಟೆಯಲ್ಲಿ ಅದು ಹುಡುಕಿದರೂ ಸಿಗುವುದಿಲ್ಲ.

ಕ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು ಬಸವಲಿಂಗ ಓಂಕಾರೇಶ್ವರದ ಘಾಟಿಗೆ ಸ್ಕೂಟರ್ ಓಡಿಸಿದ.

ಅಲ್ಲಿ ಐದು ಮನೆಯವರು ಐದು ಸಾಲು ಪಿಂಡ ಇಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದರು. ಅರಳಿ ಮರದ ಮೇಲೆ ಕಾಗೆಗಳು ಕಚೇರಿಯ ಗುಮಾಸ್ತರಂತೆ ಕುಳಿತಿದ್ದವು. ಎಲ್ಲವೂ ಅವಕ್ಕೆ ಕಾಣುತ್ತಿತ್ತು, ಯಾವುದಕ್ಕೂ ಏಳುತ್ತಿರಲಿಲ್ಲ. ಗೋದಾಳ ಮನೆಯವರು ಎಂಟು ಗಂಟೆಯಿಂದ ಮಾತು ಕೊಟ್ಟು ಕೊಟ್ಟು ಸುಸ್ತಾಗಿದ್ದರು. ಮೊಮ್ಮಗಳ ಮದುವೆ ಮಾಡುತ್ತೇವೆ ಎಂದಾಗಿತ್ತು, ಅಪ್ಪಾಸಾಹೇಬರ ತಮ್ಮನ ಮೇಲಿನ ಕೋರ್ಟಿನ ಖಟ್ಲೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದೂ ಆಗಿತ್ತು. ಆ ತಮ್ಮ ಅಲ್ಲೇ ನಿಂತು ಎಲ್ಲರ ಮುಖ ನೋಡಿ ಸಾಕ್ಷಿ ಗೊತ್ತುಮಾಡಿಕೊಳ್ಳುತ್ತಿದ್ದ. ಕಾಗೆ ಕದಲಿರಲಿಲ್ಲ.

ಪಿಂಡದ ಪಕ್ಕದಲ್ಲಿ ಬಾಳೆ ಎಲೆ. ಅದರ ಮೇಲೆ ಮೂರೂ ಹಣ್ಣು, ಚೀಟಿಯ ಸಮೇತ.

“ಕಾಕೂ, ಅವು ಸ್ಯಾಂಪಲ್ ಅದಾವ್ರಿ! ತಿನ್ನೂ ಹಣ್ಣಲ್ಲ!”

“ಬಂದ್ರೀ ಮಹಾರಾಯರು,” ಎಂದಳು ಗೋದಾ. ಭಟ್ಟರ ಕಡೆ ತಿರುಗಿ ಮರಾಠಿಯಲ್ಲಿ ಏನೋ ಹೇಳಿ, ಮತ್ತೆ ಇವನಿಗೆ: “ನಮ್ಮ ಮಾವ ದಿನಾ ನಿಮ್ಮ ಮೆಟ್ಟಲ ಹತ್ತಿ, ಒಂದ ಹಣ್ಣ ಕೊಡೋ ಅಂತ ಕೇಳ್ತಿದ್ದರಲ್ಲ, ಏನಂದ್ರಿ ನೀವು?”

“ಅವರಿಗೆ ಶುಗರ್ ಇತ್ತಲ್ರಿ. ಸಕ್ಕರಿ ಡಬ್ಬಿಗೆ ಕೀಲಿ ಹಾಕಿದಾಕಿ ನೀವಽ!”

“ನಾ ಶುಗರ್ ಅಂತ ಬ್ಯಾಡ ಅಂದೆ. ನೀವು ಸ್ಯಾಂಪಲ್ ಅಂತ ಬ್ಯಾಡ ಅಂದ್ರಿ. ಎರಡೂ ಒಂದೇನು?”

ನೆರೆದವರೆಲ್ಲ ಬಸವಲಿಂಗನನ್ನೇ ನೋಡಿದರು. ಪಕ್ಕದ ಸಾಲಿನ ಮನೆಯವರೂ ತಮ್ಮ ಕಾಗೆಯನ್ನು ಬಿಟ್ಟು ಇವನನ್ನು ನೋಡತೊಡಗಿದರು. ಭಟ್ಟರು ಬೆರಳು ತೋರಿಸಿದರು: ಕೈ ಮುಗಿ, ಮಾತು ಕೊಡು.

ಬಸವಲಿಂಗ ಕೈ ಮುಗಿದ. “ಅಪ್ಪಾಸಾಹೇಬರ, ತಪ್ಪಾತ್ರಿ. ಹಣ್ಣ ತಗೋರಿ. ಒಂದು.”

“ಒಂದೇ?” ಎಂದಳು ಗೋದಾ.

“ಮೂರೂ ತಗೋರಿ.”

ಭಟ್ಟರು ಮೂರನ್ನೂ ಹೋಳು ಮಾಡಿ ಎಲೆಯ ಮೇಲೆ ಹರಡಿದರು. ಪರಿಮಳ ಘಾಟಿನ ತುಂಬ ಹಬ್ಬಿತು. ನೊಣಗಳು ಬಂದವು, ಒಂದು ನಾಯಿ ಬಂತು, ಯಾವ ಸಾಲಿಗೂ ಸೇರದ ಇಬ್ಬರು ಗಂಡಸರೂ ಬಂದರು. ಕಾಗೆ ಮಾತ್ರ ಬರಲಿಲ್ಲ.

ಐದು ನಿಮಿಷ ಕಳೆಯಿತು. ಬಸವಲಿಂಗನಿಗೆ ಕಾಣುತ್ತಿದ್ದದ್ದು ಪಿಂಡವಲ್ಲ. ಗಾಳಿ ತಾಗಿದ ತಿರುಳಿನಲ್ಲಿ ನಿಮಿಷ ನಿಮಿಷಕ್ಕೂ ರಾಸಾಯನಿಕಗಳು ಬದಲಾಗುತ್ತಿದ್ದವು. ಆ ಎಲೆಯ ಮೇಲೆ ಅವನ ಮೂರು ವರ್ಷ ಕಪ್ಪಾಗುತ್ತಿತ್ತು.

“ಭಟ್ಟರ, ಹೋದವರಿಗೆ ಒಂದೊಂದು ಹೋಳು ಸಾಕಲ್ರಿ?” ಎಂದು ಅವರಿಗೆ ತಿಳಿಯದ ಕನ್ನಡದಲ್ಲೇ ಕೇಳಿ, ಉತ್ತರಕ್ಕೆ ಕಾಯದೆ, ಪ್ರತಿ ಹಣ್ಣಿನ ನಾಲ್ಕು ಹೋಳು ಬಾಚಿ ಬೇರೆ ಬೇರೆ ಚೀಲಕ್ಕೆ ಹಾಕಿ ಕ್ಯಾನಿನ ಮುಚ್ಚಳ ತೆಗೆದ.

ಮೈನಸ್ ನೂರಾ ತೊಂಬತ್ತಾರು ಡಿಗ್ರಿಯ ದ್ರವಕ್ಕೆ ಬಿಸಿಲಿನ ಹಣ್ಣು ಬಿದ್ದರೆ ಏನಾಗಬೇಕೋ ಅದೇ ಆಯಿತು. ಬುಸ್ ಎಂಬ ಸದ್ದಿನೊಂದಿಗೆ ದಟ್ಟ ಬಿಳಿ ಹೊಗೆ ಎದ್ದು, ಪಿಂಡಗಳ ಮೇಲೆ ಹಾದು, ಘಾಟಿನ ಮೆಟ್ಟಿಲಿಳಿದು ಮುಠಾ ನದಿಯತ್ತ ಹೊರಟಿತು. ಒಬ್ಬ ಮುದುಕಿ ಅದಕ್ಕೆ ಅಡ್ಡಬಿದ್ದಳು. ಅರಳಿ ಮರದ ಅಷ್ಟೂ ಕಾಗೆಗಳು ಒಮ್ಮೆಲೇ ಕಿರುಚಿ ಹಾರಿ, ಆಚೆ ದಂಡೆ ದಾಟಿ, ಕಣ್ಮರೆಯಾದವು. ಗೋದಾಳ ಮಾವನದ್ದು ಮಾತ್ರವಲ್ಲ, ಐದೂ ಮನೆಯವರ ಕಾಗೆಗಳು.

ಆಮೇಲೆ ನಡೆದದ್ದರಲ್ಲಿ ಬಸವಲಿಂಗನ ಅಂಗಿಯ ಮೂರು ಗುಂಡಿ ಹೋದವು. ಕ್ಯಾನು ಮಾತ್ರ ಉಳಿಯಿತು. ಒಳಗೇನಿದೆಯೋ ಎಂಬ ಹೆದರಿಕೆಗೆ ಅದನ್ನು ಯಾರೂ ಮುಟ್ಟಲಿಲ್ಲ. ಭಟ್ಟರು ದರ್ಭೆಯಿಂದ ಐದು ಕಾಗೆ ಮಾಡಿ ಐದು ಸಾಲಿಗೂ ಮುಟ್ಟಿಸಿ ಮುಗಿಸಿದರು. “ಮೂವತ್ತಕ್ಕ ಮನಿ ಖಾಲಿ ಮಾಡ್ರಿ,” ಎಂದಳು ಗೋದಾ.

ಆದರೆ ಮಧ್ಯಾಹ್ನ ಎರಡಕ್ಕೆ ಶೈಲಾ ಮೇಡಂ ಚೀಲಗಳನ್ನು ನೋಡಿ ತಲೆಯಾಡಿಸಿದರು. “ಗುಡ್. ಸೋಮವಾರ ಡಿಎನ್‌ಎ ನೋಡೋಣ. ನಿಮ್ಮ ಕೊಂಕಣದ ಮರದ ಎಲೆಯದಕ್ಕೆ ಹೊಂದಿದರೆ ಅವತ್ತೇ ನೌಕರಿಯ ಪತ್ರಕ್ಕೆ ಸಹಿ ಹಾಕ್ತೀನಿ.”

ಮನೆ ಹೋದರೆ ಹೋಗಲಿ, ನೌಕರಿ ಉಳಿಯಿತು. ನಾಲ್ಕು ಗಂಟೆಗೆ ಬಸವಲಿಂಗ ಗುಂಡಿಯಿಲ್ಲದ ಅಂಗಿಯಲ್ಲಿ, ಬಹುಮಾನ ಗೆದ್ದವನ ಹಾಗೆ ಮೆಟ್ಟಿಲು ಹತ್ತಿದ. ಎಲ್ಲವನ್ನೂ ಕೇಳಿದ ತ್ರಿವೇಣಿ ನಗಲಿಲ್ಲ. ಬಾಗಿಲು ಮುಚ್ಚಿ ಬಂದಳು.

“ಅವು ನಿಮ್ಮ ಮರದ ಹಣ್ಣಲ್ರಿ.”

“ಅಂದ್ರ?”

“ಹನ್ನೊಂದು ದಿನದ ಹಿಂದ ಅಪ್ಪಾಸಾಹೇಬರು ಮತ್ತ ಬಂದಿದ್ರು. ಕಣ್ಣಾಗ ನೀರು ತಂದು ಕೇಳಿದ್ರು. ನೀವು ಇರಲಿಲ್ಲ. ಕಡೀಗೆ ಬೇಕಾಗೂವು ಅಲ್ಲಾ ಅಂತ ಇಪ್ಪತ್ತರ ಚೀಟಿದ್ದು ಒಂದು ಕೊಟ್ಟೆ. ಮೂರೂ ತಿಂದ್ರು. ಸಂಜೀಕ ಮಂಡೈಗೆ ಹೋಗಿ ಅಂಥವಽ ಮೂರು ತಂದು ಚೀಟಿ ಕಟ್ಟಿಟ್ಟೆ.”

ಬಸವಲಿಂಗ ಮಂಚದ ಮೇಲೆ ಕುಳಿತ. ಕಾಗೆ ಯಾಕೆ ಬರಲಿಲ್ಲವೆಂಬುದು ಈಗ ತಿಳಿಯಿತು. ಆ ಆಸೆ ಉಳಿದೇ ಇರಲಿಲ್ಲ.

“ಮೇಡಂಗ ಖರೇ ಹೇಳಿಬಿಡ್ರಿ. ಹೆಂಡ್ತಿ ಒಬ್ಬ ಮುದುಕರಿಗೆ ಕೊಟ್ಲು ಅಂತ.”

“ಆ ಮುದುಕರು ಎಲ್ಲಿ ಅಂತ ಕೇಳಿದ್ರ?”

ತ್ರಿವೇಣಿ ಬೆರಳು ಮಡಚಿ ದಿನ ಎಣಿಸಿದಳು. ಅಪ್ಪಾಸಾಹೇಬರು ಮೂರು ಹಣ್ಣು ತಿಂದದ್ದು ಮಂಗಳವಾರ. ಬುಧವಾರ ಸಂಜೆ ಪ್ರಜ್ಞೆ ತಪ್ಪಿದ್ದರು, ಗುರುವಾರ ನಸುಕಿನಲ್ಲಿ ಹೋಗಿದ್ದರು.

ಬಾಗಿಲು ಬಡಿದ ಸದ್ದಾಯಿತು. ಗೋದಾ. ಅತ್ತು ಅತ್ತು ಕಣ್ಣು ಊದಿದ್ದವು. “ಬಸವಲಿಂಗರ, ಬೆಳಗ್ಗೆ ಸಿಟ್ಟಿನ್ಯಾಗ ಅಂದೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ಒಂದ ಮಾತು ಕೇಳ್ಬೇಕಿತ್ತು. ನೀವು ಹಣ್ಣಿನ ವಾಸನಿ ಓದಿದವರು. ನಮ್ಮ ಮಾವ ಹೋಗೂ ಮುಂದ ಅವರ ಉಸಿರಿನ್ಯಾಗ ಹಣ್ಣಿನ ವಾಸನಿ ಬರ್ತಿತ್ರಿ. ಏನೂ ತಿನ್ನದವರಿಗೆ ಅದು ಹೆಂಗ?”

ತ್ರಿವೇಣಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು.

ಬಸವಲಿಂಗ ಪಾಠ ಹೇಳುವವನಂತೆ ಶುರುಮಾಡಿದ. “ಶುಗರ್ ವಿಪರೀತ ಏರಿದ್ರ ಮೈಯೊಳಗ ಅಸಿಟೋನ್ ಅಂತ ಒಂದು ತಯಾರಾಗ್ತದ್ರಿ, ಕಾಕೂ. ಉಸಿರಿಗೆ ಹಣ್ಣಿನ ವಾಸನಿ ಬರ್ತದ. ಪುಸ್ತಕದಾಗ ಅದ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

“ಹಂಗೇನ್ರಿ,” ಎಂದು ಗೋದಾ ನಿಟ್ಟುಸಿರು ಬಿಟ್ಟಳು. “ನಾ ಯಾರೋ ಏನೋ ತಿನಿಸ್ಯಾರಂತ ಅಂದ್ಕೊಂಡಿದ್ದೆ. ಸುಮ್ಮನ ಸಂಶೇ ಪಟ್ಟ ಪಾಪ ತಟ್ಟತಿತ್ತು. ಮನಿ ಖಾಲಿ ಮಾಡೂದ ಬ್ಯಾಡ್ರಿ, ಇರ್ರಿ. ನಿಮ್ಮಂಥಾ ಓದಿದವರು ಮನ್ಯಾಗ ಇರಬೇಕು.”

ಮೂರು ವರ್ಷದ ಸಂಶೋಧನೆಯಲ್ಲಿ ಬಸವಲಿಂಗನ ಒಂದು ತೀರ್ಮಾನವನ್ನು ಮರುಪ್ರಶ್ನೆಯಿಲ್ಲದೆ ಒಬ್ಬರು ಒಪ್ಪಿಕೊಂಡದ್ದು ಅದೇ ಮೊದಲು. ಡಿಎನ್‌ಎ ನೋಡುವ ಸೋಮವಾರಕ್ಕೆ ಇನ್ನು ಎರಡು ದಿನವಿತ್ತು.