ಫ್ರೆಂಚರಿಗೆ ಬಡಿಸಿದ ಕಡುಬು

ಒಂದು ಭಾಷೆಯಲ್ಲಿ ಪಾಸಾಗುವುದಕ್ಕೂ ಅದನ್ನು ಕಲಿಯುವುದಕ್ಕೂ ಎಷ್ಟು ದೂರವಿದೆ ಎಂಬುದು ನಮ್ಮ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವಳೂ ನಾನೇ. ಕಾಲೇಜಿನಲ್ಲಿ ನಾನು ಫ್ರೆಂಚ್ ತೆಗೆದುಕೊಂಡದ್ದು ಫ್ರಾನ್ಸಿನ ಮೇಲಿನ ಪ್ರೀತಿಯಿಂದಲ್ಲ. ಹತ್ತು ಪ್ರಶ್ನೆ ಬಾಯಿಪಾಠ ಮಾಡಿದರೆ ಕೈತುಂಬ ಮಾರ್ಕ್ಸು ಎಂದು ಸೀನಿಯರ್‌ಗಳು ಹೇಳಿದ್ದರಿಂದ. ಅವರು ಸುಳ್ಳು ಹೇಳಿರಲಿಲ್ಲ. ಮಾರ್ಕ್ಸು ಬಂತು, ಫ್ರೆಂಚ್ ಬರಲಿಲ್ಲ. ಸಂಸ್ಕೃತಿಯ ಪಾಠದ ಒಂದು ಸಂಗತಿ ಮಾತ್ರ ತಲೆಯಲ್ಲಿ ಉಳಿದಿತ್ತು: ಫ್ರೆಂಚರು ತಟ್ಟೆಯಲ್ಲಿ ಏನನ್ನೂ ಬಿಡುವುದಿಲ್ಲ, ಬಿಟ್ಟರೆ ಬಡಿಸಿದವರಿಗೆ ಬೇಜಾರಾಗುತ್ತದೆ. ಇದನ್ನು ಮೇಡಂ ಹೇಳಿದರೋ, ನಾನೇ ಪರೀಕ್ಷೆಯಲ್ಲಿ ಕಟ್ಟಿ ಬರೆದೆನೋ, ಖಾತ್ರಿಯಿಲ್ಲ. ಆ ಕಾಲದ ಡೈರಿ ತೆಗೆದು ನೋಡಿದೆ. "ಇವತ್ತು ಫ್ರೆಂಚ್ ಸಂಸ್ಕೃತಿ. ವಿಪರೀತ ಸೆಖೆ" ಎಂದಷ್ಟೇ ಇದೆ.

ಕಳೆದ ಚಳಿಗಾಲದಲ್ಲಿ ವಸ್ತಾರೆಯ ಚಿಕ್ಕಮ್ಮ ಫೋನ್ ಮಾಡಿದರು. ತೋಟದಲ್ಲಿ ಎರಡು ರೂಮು ಹಾಕಿ ಅವರು ಆಗಷ್ಟೇ ಹೋಂಸ್ಟೇ ಶುರುಮಾಡಿದ್ದರು.

"ಫ್ರಾನ್ಸಿಂದ ಗಂಡ ಹೆಂಡ್ತಿ ಬಂದಿದ್ದಾರೆ ಮಾರಾಯ್ತಿ. ನಮ್ಮನೇಲಿ ಫ್ರೆಂಚ್ ಓದಿರೋ ಹುಡ್ಗಿ ಇದ್ದಾಳೆ ಅಂತ ಹೇಳ್ಬಿಟ್ಟಿದ್ದೀನಿ. ಮಧ್ಯಾಹ್ನ ಊಟಕ್ಕೆ ಬಂದ್ಬಿಡು, ನನ್ನ ಮರ್ಯಾದೆ ಉಳ್ಸು."

ಚಿಕ್ಕಮಗಳೂರಿನಿಂದ ಬಸ್ಸು ಹತ್ತಿ ಹೋದೆ. 'ಬೋಂಜೂರ್' ಎಂದು ನನ್ನ ಹೆಸರು ಹೇಳುವವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಆ ಗಂಡಸು ಗಡಗಡನೆ ನಾಲ್ಕು ವಾಕ್ಯ ಹೇಳಿದ. ನಾನು ನಕ್ಕೆ. ಅವರಿಬ್ಬರಿಗೂ ಇಂಗ್ಲಿಷ್ ಬರುತ್ತಿತ್ತು. ಆದರೆ ಇಂಗ್ಲಿಷನ್ನು ಚಿಕ್ಕಮ್ಮನೂ ಹೇಗೋ ಸುಧಾರಿಸುತ್ತಾರೆ. ನಾನೂ ಅದಕ್ಕೇ ಇಳಿದರೆ ನನ್ನನ್ನು ಕರೆಸಿದ್ದು ಯಾಕೆ?

ಊಟಕ್ಕೆ ಅವರ ಎದುರು ನನ್ನನ್ನೂ ಕೂರಿಸಿದರು. ಕಡುಬು, ಕೋಳಿ ಸಾರು. ನಮ್ಮ ಕಡೆ ಬಾಯಿಮಾತಿನ 'ಸಾಕು' ಲೆಕ್ಕಕ್ಕಿಲ್ಲ. ತಟ್ಟೆ ಖಾಲಿಯಾದರೆ ಬೀಳುತ್ತಲೇ ಇರುತ್ತದೆ. ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು, ಅರ್ಧ ಎದ್ದು ಬೇಡಿಕೊಂಡರೆ ಮಾತ್ರ ನಿಲ್ಲುತ್ತದೆ. ಆ ಇಬ್ಬರು, ನಾನು ಓದಿದ್ದ ಪಾಠದಂತೆಯೇ, ತಟ್ಟೆ ಬಳಿದು ಖಾಲಿ ಮಾಡುತ್ತಿದ್ದರು, ಚಿಕ್ಕಮ್ಮ ಬಡಿಸುತ್ತಿದ್ದರು. ಐದನೆಯ ಕಡುಬಿಗೆ ಗಂಡನ ಮುಖ ಕೆಂಪಾಯಿತು. ಹೆಂಡತಿ ನೀರು ಕುಡಿದು ಕಣ್ಣು ಮುಚ್ಚಿದಳು.

"ಚಿಕ್ಕಮ್ಮ, ಅವ್ರಿಗೆ ಸಾಕಾಗಿದೆ ಅನ್ಸುತ್ತೆ."

"ನಿನಗೆ ಅನ್ಸಿದ್ರೆ ಆಯ್ತಾ? ತಟ್ಟೆ ನೋಡು, ತೊಳ್ದಂಗಿದೆ! ಬೇಕಾದ್ರೆ ಕೇಳು, ಅವ್ರ ಭಾಷೇಲೇ ಕೇಳು."

ಮೂರು ವರ್ಷದ ಓದಿನಲ್ಲಿ ತಪ್ಪಿಲ್ಲದೆ ಬರುತ್ತಿದ್ದದ್ದು ಒಂದೇ ವಾಕ್ಯ. ಅದನ್ನೇ ಕೇಳಿದೆ: "ರೈಲ್ವೆ ಸ್ಟೇಷನ್ ಎಲ್ಲಿದೆ?" ಆತ ಗಂಭೀರವಾಗಿ ಯೋಚಿಸಿ, ಚಿಕ್ಕಮಗಳೂರಿನ ದಿಕ್ಕಿಗೆ ಕೈ ತೋರಿಸಿ ಉದ್ದಕ್ಕೆ ಏನೋ ಹೇಳಿದ.

"ಏನಂತೆ?"

"ಕಡುಬು ಚೆನ್ನಾಗಿದೆಯಂತೆ."

ತಕ್ಷಣ ತಟ್ಟೆಗೆ ಎರಡೆರಡು ಬಿದ್ದವು. ಇನ್ನಷ್ಟು ತರಲು ಚಿಕ್ಕಮ್ಮ ಒಳಗೆ ಓಡಿದರು. ನನ್ನ ಮರ್ಯಾದೆಗಾಗಿ ಒಬ್ಬ ಮನುಷ್ಯ ಕಣ್ಣೆದುರೇ ಕುಸಿಯುತ್ತಿದ್ದ. ಕೊನೆಗೆ ಪಿಸುದನಿಯ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: "ದಯವಿಟ್ಟು ನಿಮ್ಮ ಪದ್ಧತಿ ಬಿಡಿ. ತಟ್ಟೆಗೆ ಹೀಗೆ ಕೈ ಅಡ್ಡ ಹಿಡಿಯಿರಿ."

"ನಮ್ಮ ಪದ್ಧತಿಯೇ?" ಆತ ಅಷ್ಟೇ ಮೆಲ್ಲಗೆ ಕೇಳಿದ. "ಮೂರಕ್ಕೇ ನಿಲ್ಲಿಸಬೇಕು ಅಂತಿದ್ದೆವು. ಆದರೆ ನೀವು ಪ್ರತಿ ಸಲ ಖಾಲಿ ಮಾಡಿ ತಟ್ಟೆ ಮುಂದೆ ಹಿಡಿಯುತ್ತಿದ್ದಿರಿ. ಇದು ನಿಮ್ಮ ಪದ್ಧತಿ ಅಂದುಕೊಂಡೆವು."

ಚಿಕ್ಕಮ್ಮ ಪಾತ್ರೆ ಹಿಡಿದು ಬಂದಾಗ ಇಬ್ಬರೂ ತಟ್ಟೆಗೆ ಕೈ ಅಡ್ಡ ಹಿಡಿದು, ಅರ್ಧ ಎದ್ದು ನಿಂತಿದ್ದರು. "ಅಯ್ಯೋ, ಥೇಟ್ ನಮ್ಮೋರ ಹಾಗೇ! ಏನಂದ್ರು ಅವ್ರು?"

ಪ್ರಾಮಾಣಿಕವಾಗಿ ಅನುವಾದ ಮಾಡಲು ನನಗೆ ಸಿಕ್ಕಿದ್ದ ಮೊದಲ ಅವಕಾಶ ಅದು.

"ನಮ್ಮ ಸಂಸ್ಕೃತಿ ತುಂಬಾ ಇಷ್ಟ ಆಯ್ತಂತೆ" ಎಂದೆ.

ಚಿಕ್ಕಮ್ಮ ಹಿಗ್ಗಿಹೋದರು. ತಂದಿದ್ದ ಕಡುಬನ್ನು ವಾಪಸ್ ಒಯ್ಯಲು ಮನಸ್ಸಾಗದೆ ನನ್ನ ಕಡೆ ತಿರುಗಿದರು. ನಾನು ತಟ್ಟೆ ಮುಂದೆ ಹಿಡಿದೆ.