ಅಕ್ಕನ ಹಲ್ಲು, ನನ್ನ ಲೆನ್ಸು

ನನ್ನ ಹತ್ತಿರ ಒಂದು ಕ್ಯಾಮೆರಾ ಇದೆ, ಮೂರು ಲೆನ್ಸುಗಳಿವೆ, ಒಂದು ಟ್ರೈಪಾಡಿದೆ, ಮಳೆಗೆ ತೊಯ್ಯದ ಒಂದು ಬ್ಯಾಗಿದೆ. ಫೋಟೋಗಳು ಮಾತ್ರ ಈ ದಸರೆಯ ತನಕ ಒಂದೂ ಇರಲಿಲ್ಲ. ನಗಬೇಡಿ. ಇದರಲ್ಲಿ ನನ್ನಷ್ಟೇ ತಪ್ಪು ನಮ್ಮೂರಿನದೂ ಇದೆ. ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ. ಇಲ್ಲಿಯ ಕಲ್ಲಿನ ಧೂಳು ಮುಚ್ಚಿಟ್ಟ ಚಹಾದ ಕಪ್ಪಿಗೂ ಇಳಿಯುತ್ತದೆ, ಲೆನ್ಸನ್ನು ಬಿಟ್ಟೀತೇ? ಧೂಳು ಹೋಯಿತು ಅನ್ನುವಷ್ಟರಲ್ಲಿ ಮಳೆಗಾಲ ಬಂದು ಬೂಷ್ಟಿನ ಹೆದರಿಕೆ. ಹಾಗಾಗಿ ನನ್ನ ಕ್ಯಾಮೆರಾ ಗಾಳಿಯಾಡದ ಡಬ್ಬಿಯಲ್ಲಿ ಸುಖವಾಗಿತ್ತು.

ರವಿವಾರ ಮಧ್ಯಾಹ್ನ ಅದನ್ನು ಹೊರಗೆ ತೆಗೆದು ಒರೆಸುತ್ತ ಕೂತರೆ ನಾನು ಮನೆಯಲ್ಲಿರುತ್ತಿರಲಿಲ್ಲ. ಜಹೀರಾಬಾದಿನ ಕೆಂಪು ಮಣ್ಣಿನ ಮೇಲೆ ಬೆಳಗಿನ ಮಂಜು ಕೂತಿರುತ್ತಿತ್ತು. ನಾರಾಯಣಖೇಡದ ದಾರಿಯಲ್ಲಿ ಜೋಳದ ತೆನೆಯಿಂದ ಗಿಳಿಗಳು ಎದ್ದು ಆಕಾಶ ಹಸಿರಾಗುತ್ತಿತ್ತು. ನಾನು ನಿಧಾನವಾಗಿ ಲೆನ್ಸು ಬದಲಿಸುತ್ತಿದ್ದೆ. ಕನಸಿನಲ್ಲಿ ಧೂಳಿರುವುದಿಲ್ಲ ನೋಡಿ. ದೂರದ್ದನ್ನು ಎಳೆದು ತರುವ ಲೆನ್ಸು ಕೊಳ್ಳಲೋ, ಅಗಲಕ್ಕೆ ಕಾಣುವುದನ್ನು ಕೊಳ್ಳಲೋ ಎಂದು ವರ್ಷವಿಡೀ ಯೋಚಿಸಿದೆ. ನನ್ನ ಹೆಂಡತಿ ಮಹಾದೇವಿ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು: "ನನ್ನ ನೋಡಾಕ ಬಂದಾಗ ಹತ್ತ ನಿಮಿಷ ಕೂತಿದ್ದಿಲ್ರಿ. ಈ ಗಾಜ ನೋಡಾಕ ಒಂದ ವರ್ಸ ಹಿಡೀತು!"

ಇಷ್ಟರ ನಡುವೆ ಪಕ್ಕದೂರು ಯಾಲಾಲಿನಲ್ಲಿರುವ ನನ್ನ ಅಕ್ಕ ಒಂದೇ ಒಂದು ಫೋಟೋ ಕೇಳಿದ್ದಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಹೊಲದ ಈ ಬದುವಿನಲ್ಲಿ ನಕ್ಕರೆ ಆ ಬದುವಿಗೆ ಕೇಳಿಸುವಂಥ ನಗು ಅವಳದು. ಆಧಾರ್ ಕಾರ್ಡಿನಲ್ಲಿ ಮಾತ್ರ ಪೊಲೀಸರು ಹಿಡಿದು ತಂದವಳ ಹಾಗೆ ಕಾಣುತ್ತಾಳೆ. "ತಮ್ಮಾ, ನಾ ನಗೂದೊಂದು ಫೋಟು ತೆಗಿ" ಅಂದಳು. ಸರಿಯಾದ ಲೆನ್ಸು ಬರಲಿ ಅಂದೆ. ಲೆನ್ಸು ಬಂದ ಮೇಲೆ ಟ್ರೈಪಾಡ್ ಬರಲಿ ಅಂದೆ. ಆಮೇಲೆ ಬ್ಯಾಗು ಬರಲಿ ಅಂದೆ. ಹೀಗೇ ನಾಲ್ಕು ವರ್ಷ. ಈ ದಸರೆ ಮುಗಿಯುತ್ತಲೇ ಫೋನ್ ಬಂತು: "ಒಸಡು ಕೆಟ್ಟಾವಂತ. ಸೋಮವಾರ ಡಾಕ್ಟರು ಎಲ್ಲಾ ಹಲ್ಲು ಕೀಳ್ತಾರ. ಇದ್ದ ನಾಕ ಹಲ್ಲಿನಾಗರ ನಗ್ತೀನಿ, ಜಲ್ದಿ ಬಾ."

ರವಿವಾರ ಸಂಜೆ ಮಹಾದೇವಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅಕ್ಕನ ಹೊಲದಲ್ಲಿ ತೊಗರಿ ಹೂವಾಗಿತ್ತು. ಇಳಿಬಿಸಿಲು ಹೂವಿನ ಮೇಲೆ ಬಿದ್ದು ಹೊಲವೆಲ್ಲ ಹಳದಿಯಾಗಿ ಉಸಿರಾಡುತ್ತಿತ್ತು. ನಾಲ್ಕು ವರ್ಷ ಡಬ್ಬಿಯ ಮುಂದೆ ಕೂತು ಕಂಡದ್ದು ಇದೇ ಬೆಳಕು. ಅಕ್ಕ ಇಳಕಲ್ ಸೀರೆಯುಟ್ಟು ನಡುವೆ ನಿಂತಿದ್ದಳು. ನಾನು ಲೆನ್ಸಿನ ಮುಚ್ಚಳ ತೆಗೆದೆ.

ಗಾಜಿನ ಮೇಲೆ ಎದ್ದು ಕಾಣುವ ಮೂರು ಗೆರೆ ವಿಭೂತಿ! ನಡುವೆ ಕುಂಕುಮದ ಬೊಟ್ಟು!

ಆಯುಧ ಪೂಜೆಯ ದಿನ ನಾನು ಕಾರ್ಖಾನೆಯ ಯಂತ್ರಗಳ ಪೂಜೆಗೆ ಹೋಗಿದ್ದೆ. ಮನೆಯಲ್ಲಿ ಸ್ಕೂಟರು, ಈಳಿಗೆಗಳ ಜೊತೆಗೆ ಇದಕ್ಕೂ ಪೂಜೆಯಾಗಿತ್ತು. "ಮುಚ್ಚಳದ ಮ್ಯಾಲರ ಹಚ್ಚಬಾರದಿತ್ತೇನ?" ಎಂದು ಕೂಗಿದೆ. ಮಹಾದೇವಿ ಸೋಲುವವಳಲ್ಲ. "ಮುಸುಕು ಹಾಕಿದ ದೇವರಿಗಿ ಯಾರರ ವಿಭೂತಿ ಹಚ್ತಾರೇನ್ರಿ? ಹಚ್ಚಿ ಆದಮ್ಯಾಲ ಧೂಳು ಬೀಳಬಾರ್ದಂತ ನಾನೇ ಬರೋಬರಿ ಮುಚ್ಚೀನಿ."

ಉಳಿದ ಲೆನ್ಸುಗಳು, ಒರೆಸುವ ಬಟ್ಟೆ, ಬ್ರಷ್ಷು, ಧೂಳು ಊದುವ ರಬ್ಬರಿನ ಚೆಂಡು ಎಲ್ಲವೂ ತಾಂಡೂರಿನಲ್ಲಿದ್ದವು. "ಮನೆಗೆ ಹೋಗಿ ತರ್ತೀನಿ" ಅಂದೆ. ಅಕ್ಕ ಮುಳುಗುತ್ತಿದ್ದ ಸೂರ್ಯನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕ್ಯಾಮೆರಾ ಕಸಿದುಕೊಂಡಳು. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸುತ್ತಿದ್ದ ಹಾಗೆಯೇ ಸೆರಗಿನಿಂದ ಲೆನ್ಸನ್ನು ಗಸಗಸ ಉಜ್ಜಿದಳು. ನನ್ನ ಜೀವ ಬಾಯಿಗೆ ಬಂತು. ಆ ಮುಖ ನೋಡಿಯೇ ಅವಳಿಗೆ ನಗು ಉಕ್ಕಿತು. ಕೈಗೆ ವಾಪಸು ಬಂದ ಕ್ಯಾಮೆರಾದ ಗುಂಡಿ ಒತ್ತಿಬಿಟ್ಟೆ.

ವಿಭೂತಿ ಹೋಗಿರಲಿಲ್ಲ, ಗಾಜಿನ ತುಂಬ ಹರಡಿತ್ತು. ಫೋಟೋದಲ್ಲಿ ತೊಗರಿ ಹೂವೆಲ್ಲ ಕರಗಿ ಬಂಗಾರದ ಮಂಜಾಗಿದೆ. ಆ ಮಂಜಿನೊಳಗೆ ಅಕ್ಕ ಬಾಯಿತುಂಬ ನಗುತ್ತಿದ್ದಾಳೆ. ಅಷ್ಟು ಚೆಂದದ ಫೋಟೋ ನಾನು ಕನಸಿನಲ್ಲೂ ತೆಗೆದಿರಲಿಲ್ಲ. ಕಾರ್ಖಾನೆಯಲ್ಲಿ ನೋಡಿದವರೆಲ್ಲ "ಯಾವ ಫಿಲ್ಟರ್ ಹಾಕೀರಿ ಸಾಬ್?" ಎಂದು ಕೇಳಿದರು. "ಅದಕ್ಕೆ ಅನುಭವ ಬೇಕು" ಎಂದೆ, ನಾಚಿಕೆಯಿಲ್ಲದೆ.

ಮೊನ್ನೆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಅಕ್ಕನಿಗೆ ಕೊಟ್ಟುಬಂದೆ. ಹೊಸ ಹಲ್ಲಿನ ಸೆಟ್ಟು ಇನ್ನೂ ಬಂದಿರಲಿಲ್ಲ. ಬೊಚ್ಚು ಬಾಯಿಯಲ್ಲೇ ನಕ್ಕು, ಫೋಟೋದೊಳಗಿನ ತನ್ನ ಹಲ್ಲಿನ ಸಂದುಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು. "ಇದು ನೀ ಲೆನ್ಸ ತರ್ತೀನಿ ಅಂದ ವರ್ಸ ಬಿದ್ದದ್ದು. ಇದು ಟ್ರೈಪಾಡಿಂದು. ಈ ಎರಡು ನಿನ್ನ ಬ್ಯಾಗಿಂದು, ತಮ್ಮಾ."

ಅವಳು ತಮಾಷೆಗೇ ಅಂದದ್ದು. ನಾನೂ ನಕ್ಕೆ. ಮೂವತ್ತೆರಡು ಹಲ್ಲೂ ಗಟ್ಟಿಯಾಗಿರುವ ನನ್ನ ಬಾಯಿಯನ್ನು ಎಲ್ಲಿ ಮುಚ್ಚಿಡಲಿ ಎಂದು ಮಾತ್ರ ತಿಳಿಯಲಿಲ್ಲ.