ಮೊದಲ ಸ್ನಾನದ ಮಹಾಸಮರ

ಕಪ್ಪುಜನರಿಗೊಂದು ಬಾಗಿಲು, ಬಿಳಿಯರಿಗೊಂದು ಬಾಗಿಲು ಎಂದು ಅಮೆರಿಕದ ದಕ್ಷಿಣ ಸೀಮೆಯಲ್ಲಿ ಸಾಕ್ಷಾತ್ ಕಾನೂನೇ ಗೋಡೆಯೆಬ್ಬಿಸಿದ್ದ ಕಾಲವದು. ಆ ಕಾಲದಲ್ಲಿ, ಎಲೈ ರಸಿಕರೇ, ಬೇಸ್‌ಬಾಲ್ ಎಂಬ ದಾಂಡುಚೆಂಡಿನ ಸಮರಕ್ಕೆ ಭೂಷಣಪ್ರಾಯನಾಗಿ, ಸಿಡಿಲನ್ನೇ ಬೆರಳ ಸಂದಿಯಲ್ಲಿ ಹಿಡಿದೆಸೆಯಬಲ್ಲ ಆಜಾನುಬಾಹು, ದಾಂಡಿಗದರ್ಪದಲನ, ನೀಲಮೇಘಶ್ಯಾಮಲಾಂಗ ಲೂಷಿಯಸ್ ಟಾಲಿವರ್ ಎಂಬ, ಚೆಂಡೆಸೆಯುವ ಪಿಚರನಿದ್ದನು. ಅವನ ಕೀರ್ತಿಯನ್ನು ಹಾಡಲು, ನಾಲಗೆಯೇ, ಸಜ್ಜಾಗು!

ಅಂದು ಜಾರ್ಜಿಯಾದ ಒಂದು ಧೂಳುಹಿಡಿದ ಊರಿನಲ್ಲಿ ಲೂಷಿಯಸ್ ಎದುರಾಳಿ ತಂಡಕ್ಕೆ ಮಣ್ಣು ಮುಕ್ಕಿಸಿದನು. ಮೈದಾನದ ಬಿಳಿಯ ಒಡೆಯನು ಎದ್ದುನಿಂತು ಚಪ್ಪಾಳೆ ತಟ್ಟಿದನು; ಆಟ ಮುಗಿದೊಡನೆ ಸ್ನಾನದ ಕೋಣೆಗೆ ಬೀಗ ಜಡಿದನು. ಅಲ್ಲಿನ ಬಿಸಿನೀರು ಬಿಳಿಯರಿಗೆ ಮಾತ್ರ. ಲೂಷಿಯಸ್ ಆ ಬೀಗವನ್ನು ದಿಟ್ಟಿಸಿ, ಬೆವರು ಧೂಳಿನ ಮೈಯಲ್ಲೇ ಹೊರಟನು. ಮರುದಿನ ಮತ್ತೆ ಆಟವಿತ್ತು, ಅವನ ಭುಜವೋ ಮರದ ದಿಮ್ಮಿಯಂತೆ ಸೆಟೆದಿತ್ತು.

ಕಪ್ಪುಜನರ ಕೇರಿಯಲ್ಲಿ ತಂಡಕ್ಕೆ ಆಸರೆ ಕೊಟ್ಟ ಮಿಸ್ ಅರ್ಡೀಲಿಯಾಳ ಮನೆಯಲ್ಲಿದ್ದುದು ಒಂದೇ ತಗಡಿನ ತೊಟ್ಟಿ, ಒಂದೇ ಹಂಡೆ ಬಿಸಿನೀರು. ಮೊದಲು ಇಳಿದವನಿಗೆ ಸ್ವರ್ಗ. ಎರಡನೆಯವನಿಗೆ ಮೊದಲನೆಯವನ ಕೊಳೆ!

ಆಗ ಲೂಷಿಯಸ್ಸನ ಚೆಂಡುಗಳನ್ನು ಹಿಡಿಯುವ ಕ್ಯಾಚರ್, ಪರ್ವತೋಪಮದೇಹಿ ಹೊರೇಸ್ ಪ್ರೂಯಿಟ್ ಗರ್ಜಿಸಿದನು: “ಎಲವೋ ಟಾಲಿವರ್! ನೀನೆಸೆದ ಸಿಡಿಲುಗಳನ್ನು ಹಗಲಿಡೀ ಕುಕ್ಕರಗಾಲಲ್ಲಿ ಕೂತು ಹಿಡಿದವನು ನಾನು. ನನ್ನ ಮಂಡಿಗಳು ಗೋಳಿಡುತ್ತಿವೆ. ಪ್ರಥಮ ಸ್ನಾನ ನನ್ನದು!”

“ಎಲೆ ಮಂಡಿಪ್ರಲಾಪಿಯೇ! ನಾನೆಸೆಯದಿದ್ದರೆ ನೀನು ಹಿಡಿಯುತ್ತಿದ್ದುದೇನನ್ನು, ಗಾಳಿಯನ್ನೇ? ದಾಂಡೆತ್ತು! ನನ್ನ ಮೂರು ಚೆಂಡುಗಳಲ್ಲಿ ಒಂದನ್ನು ಮುಟ್ಟಿದರೂ ತೊಟ್ಟಿ ನಿನ್ನದು!”

“ಆಡೋದಾದ್ರೆ ಹಿತ್ತಲಿಗೆ ಹೋಗ್ರಪ್ಪಾ,” ಎಂದಳು ಅರ್ಡೀಲಿಯಾ. “ಒಣಗಾಕಿರೋ ಬಟ್ಟೆಗೆ ಚೆಂಡು ತಾಗ್ತೋ, ನಿಮಗೆ ಊಟ ಇಲ್ಲ!”

ತಂಡದವರು ಬೇಲಿಯುದ್ದಕ್ಕೂ ನೆರೆದರು. ಮೊದಲ ಚೆಂಡು ಬುಸುಗುಟ್ಟಿ ಹೋಯಿತು. ಹೊರೇಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕೋಳಿಗೂಡಿನ ಗೋಡೆ ಸೇರಿತ್ತು. ಎರಡನೆಯದು ನಡುದಾರಿಯಲ್ಲಿ ಹಾವಿನಂತೆ ಬಳುಕಿತು; ದಾಂಡು ಬೀಸಿದ ರಭಸಕ್ಕೆ ಅವನು ಬುಗುರಿಯಂತೆ ತಿರುಗಿ ಕುಕ್ಕರಿಸಿದನು. ಆದರೆ ಲೂಷಿಯಸ್ಸನ ಭುಜದಲ್ಲಿ ಈಗ ಬೆಂಕಿ ಎದ್ದಿತ್ತು. ಇನ್ನೊಂದು ಸಿಡಿಲು ಅವನಲ್ಲಿ ಉಳಿದಿರಲಿಲ್ಲ. ಮೇಲಾಗಿ, ಅವನ ಎಸೆತದ ಗುಟ್ಟೆಲ್ಲ ಬಲ್ಲವನು ಹೊರೇಸ್.

ಲೂಷಿಯಸ್ ಪ್ರಳಯರುದ್ರನಂತೆ ಕಾಲೆತ್ತಿ, ತೋಳು ತಿರುಗಿಸಿ, ಅಜ್ಜಿ ಮೊಮ್ಮಗನಿಗೆ ಹಣ್ಣೆಸೆಯುವಂತೆ ಮೆಲ್ಲಗೆ ಚೆಂಡನ್ನು ತೇಲಿಬಿಟ್ಟನು. ಸಿಡಿಲಿಗೆಂದು ಕಾದಿದ್ದ ಹೊರೇಸ್ ದಾಂಡು ಬೀಸಿಯೇಬಿಟ್ಟನು. ಚೆಂಡು ಆಮೇಲೆ ಸಾವಕಾಶವಾಗಿ ಬಂದು ಅವನ ಕಾಲ ಬಳಿ ಬಿದ್ದಿತು.

“ಇದ್ಯಾವ ಚೆಂಡೋ ಮಾರಾಯಾ?”

“ಸುಸ್ತಾದವನ ಚೆಂಡು ಕಣೋ,” ಎಂದು ಲೂಷಿಯಸ್ ನಕ್ಕನು. ಹೊರೇಸನಿಗೂ ನಗು ತಡೆಯಲಾಗಲಿಲ್ಲ.

ಜಯಘೋಷ ಮೊಳಗಿತು. ಟವಲನ್ನು ವಿಜಯಪತಾಕೆಯಂತೆ ಹೆಗಲಿಗೇರಿಸಿ, ವೀರನು ಗಂಭೀರ ನಡೆಯಲ್ಲಿ ಸ್ನಾನದ ಕೋಣೆಯನ್ನು ಪ್ರವೇಶಿಸಿದನು.

ತೊಟ್ಟಿಯಲ್ಲಿ ಎದೆಮಟ್ಟ ನೀರಿನಲ್ಲಿ, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ, ತಂಡದ ಬಸ್ಸು ಓಡಿಸುವ ಸೈಲಸ್ ತಾತ ಕಣ್ಮುಚ್ಚಿ ಕೂತಿದ್ದನು.

“ಹೊರಗೆ ಅದೇನ್ರೋ ಗಲಾಟೆ?” ಎಂದನು ತಾತ. “ಬಾ ಮಗಾ, ಒಳ್ಳೇ ಟೈಮಿಗೆ ಬಂದೆ. ಆ ಟವಲ್ ಅಲ್ಲಿಟ್ಟು ಹೋಗು.”

ದಾಂಡಿಗದರ್ಪದಲನನು ಟವಲ್ ಇಟ್ಟು ಹೊರಬಂದನು. ಹಿತ್ತಲಿನ ಕೈಪಂಪಿನ ತಣ್ಣೀರಿಗೆ ಹಲ್ಲು ಕಟಕಟಿಸುತ್ತ ಬಗ್ಗಿ ನಿಂತನು. ಹೊರೇಸ್ ಸೋಪು ಹಿಡಿದು ಅವನ ಭುಜ ತಿಕ್ಕತೊಡಗಿದನು.

“ಇನ್ನೂ ಸ್ವಲ್ಪ ಮೇಲೆ ಕಣೋ,” ಎಂದನು ಲೂಷಿಯಸ್. “ಹಾಂ... ಅಲ್ಲೇ.”